ಇನ್ನೂ ತೆರೆಯದ ಚಹಾದಂಗಡಿಗೆ ಕರೆಯೋಲೆ

ಧಾರವಾಡ, ಹುಬ್ಬಳ್ಳಿ ಮತ್ತು ಸುತ್ತಲಿನ ಊರುಗಳಲ್ಲಿ ಮಧ್ಯಾಹ್ನದ ಹೊತ್ತು ಸೂಜಿಯನ್ನೋ ಕ್ರೋಶಾ ಕಡ್ಡಿಯನ್ನೋ ಹತ್ತಿಯ ಅರಳೆಯನ್ನೋ ಹಿಡಿದು ಕೂರುವ ಅಕ್ಕಂದಿರಿಗೆ, ವೈನಿಯರಿಗೆ, ಕಾಕುಗಳಿಗೆ, ಅಜ್ಜಿಯರಿಗೆ, ಮತ್ತು ಇವರ ಪಕ್ಕ ಕೂತು ಕಲಿಯುವ ಆಸೆಯಿದ್ದೂ ಬಾಯಿಬಿಟ್ಟು ಹೇಳದ ಹುಡುಗಿಯರಿಗೆ,



ನಿಮ್ಮನ್ನೆಲ್ಲ ಚಹಾಕ್ಕೆ ಕರೆಯಲು ಈ ಪತ್ರ. ಅಂಗಡಿ ಇನ್ನೂ ಇಲ್ಲ. ಜಾಗ ಗೊತ್ತಾಗಿಲ್ಲ, ಬೋರ್ಡು ಬರೆಸಿಲ್ಲ, ಹಾಲಿನವನಿಗೆ ಹೇಳಿಲ್ಲ. ಒಳಗಿನ ವ್ಯವಸ್ಥೆ ಮಾತ್ರ ನನ್ನ ತಲೆಯಲ್ಲಿ ಪೂರ್ತಿ ತಯಾರಿದೆ. ಬಾಗಿಲೊಂದು ಸಿಕ್ಕರೆ ನಾಳೆಯೇ ಒಲೆ ಹಚ್ಚಬಹುದು.

ನಮ್ಮ ಕಡೆ ಚಹಾದಂಗಡಿಗೇನೂ ಬರಗಾಲವಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ, ಕೋರ್ಟಿನ ಮುಂದೆ, ಕಾಲೇಜಿನ ಗೇಟಿನ ಬಳಿ, ಎಲ್ಲಿ ನೋಡಿದರೂ ಒಂದು. ಒಂದು ಕಟ್ ಚಹಾ ಹಿಡಿದು ತಾಸುಗಟ್ಟಲೆ ಕೂತರೂ ಯಾರೂ ಏಳ್ರಿ ಅನ್ನುವುದಿಲ್ಲ, ಕೂತವರು ಗಂಡಸರಾಗಿದ್ದರೆ. ಪ್ಲಾಟಿನ ರೇಟು, ಮಹದಾಯಿ ನೀರು, ನಿನ್ನೆಯ ಮ್ಯಾಚು, ಯಾರ ಮಗ ಎಲ್ಲಿ ನೌಕರಿಗೆ ಸೇರಿದ, ಎಲ್ಲವೂ ಅಲ್ಲಿ ಇತ್ಯರ್ಥವಾಗುತ್ತವೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಇರುವುದು ಹೊಟ್ಟೆಕಿಚ್ಚು.

ಮನೆಯಲ್ಲೇ ಕೂತು ಹೊಲಿಯಬಾರದೇ ಎಂದು ನೀವು ಕೇಳಲಾರಿರಿ, ನಿಮಗೆ ಗೊತ್ತು. ಮನೆಯಲ್ಲಿ ಹೆಂಗಸು ಸೂಜಿ ಹಿಡಿದು ಕೂತಳೆಂದರೆ ಆಕೆ ಖಾಲಿ ಇದ್ದಾಳೆಂದೇ ಅರ್ಥ. ಕೊರಿಯರಿನವನು ಆಗಲೇ ಬರುತ್ತಾನೆ. ಚಾರ್ಜರ್ ಆಗಲೇ ಕಳೆಯುತ್ತದೆ. ಎಳೆ ಎಣಿಸುತ್ತಿರುವಾಗ ಯಾರೋ ಒಬ್ಬರು ಬಂದು ರಾತ್ರಿ ಊಟಕ್ಕೇನು ಎಂದು ಕೇಳುತ್ತಾರೆ. ಅಲ್ಲಿಗೆ ಎಣಿಕೆ ಹೋಯಿತು, ಮತ್ತೆ ಒಂದರಿಂದ.

ಹೆಂಗಸರು ಒಟ್ಟಿಗೆ ಕೂತು ಕೈಕೆಲಸ ಮಾಡುವುದು ನಮಗೆ ಹೊಸದಲ್ಲ. ಬೇಸಿಗೆಯಲ್ಲಿ ಶಾವಿಗೆ ಹೊಸೆಯಲು, ಹಪ್ಪಳ ಲಟ್ಟಿಸಲು ಓಣಿಗೆ ಓಣಿಯೇ ಸೇರುತ್ತಿತ್ತು. ಹಾಗೆ ಸೇರಲು ಒಂದು ನೆವ ಬೇಕಿತ್ತು, ಆ ನೆವ ಮನೆಗೆ ಉಪಯೋಗದ್ದಾಗಿರಬೇಕಿತ್ತು, ಅಷ್ಟೇ. ಶಾವಿಗೆ ಈಗ ಪಾಕೀಟಿನಲ್ಲಿ ಬರುತ್ತದೆ. ಅದರ ಜೊತೆ ಬರುತ್ತಿದ್ದ ಮಾತು ಯಾವ ಪಾಕೀಟಿನಲ್ಲೂ ಬರುವುದಿಲ್ಲ.

ಈಗ ಅಂಗಡಿಯ ವಿಷಯ. ಮಾಳಮಡ್ಡಿಯಲ್ಲೋ ಬೇರೆಲ್ಲೋ ಒಂದು ಹಳೆಯ ಹಂಚಿನ ಮನೆ ಎಂದಿಟ್ಟುಕೊಳ್ಳಿ. ಉತ್ತರದ ಕಡೆ ದೊಡ್ಡ ಕಿಟಕಿಗಳು ಬೇಕು, ಇದರಲ್ಲಿ ರಾಜಿಯಿಲ್ಲ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸಿದವರಿಗೆ ಬೆಳಕಿನ ಬೆಲೆ ಗೊತ್ತು. ಟ್ಯೂಬ್‌ಲೈಟಿನಲ್ಲಿ ಕಡುಹಸಿರೂ ಕಡುನೀಲಿಯೂ ಒಂದೇ ತರಹ ಕಂಡು, ಮರುದಿನ ಬಿಸಿಲಿಗೆ ಹಿಡಿದಾಗ ನವಿಲಿನ ಅರ್ಧ ಗರಿ ಬೇರೆ ಬಣ್ಣವಾಗಿರುವುದನ್ನು ಕಂಡವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಕುರ್ಚಿಗಳಿಗೆ ತೋಳಿರಬಾರದು, ದಾರ ಎಳೆಯುವಾಗ ಮೊಣಕೈ ತಾಗುತ್ತದೆ. ನೆಲದ ಮೇಲೆ ಕೂರುವವರಿಗೆ ಜಮಖಾನೆ, ಬೆನ್ನಿಗೆ ಗೋಡೆ.

ಚಹಾದ ಮೇಜು ಬೇರೆ, ಬಟ್ಟೆಯ ಮೇಜು ಬೇರೆ. ಚಹಾ ಖಡಕ್ ಇರಲಿ, ಹಸಿಶುಂಠಿ ಜಜ್ಜಿ ಹಾಕಿದ್ದು. ತಿನ್ನಲು ಒಣ ಚೂಡಾ, ಬಿಸ್ಕೀಟು. ಮಿರ್ಚಿ ಭಜಿ ಬೇಕೇ ಬೇಕು ಅನ್ನುವವರು ಹೊರಗೆ ಕಟ್ಟೆಯ ಮೇಲೆ ಕೂತು ತಿಂದು, ಕೈ ಸಾಬೂನು ಹಚ್ಚಿ ತೊಳೆದುಕೊಂಡು ಒಳಗೆ ಬರಬೇಕು. ಗಿರ್ಮಿಟ್ ಬಗ್ಗೆ ನಾನಿನ್ನೂ ತೀರ್ಮಾನಿಸಿಲ್ಲ. ಎಣ್ಣೆ ಕಡಿಮೆ ಹಾಕಿ ಮಾಡಿದರೆ ಅದು ಗಿರ್ಮಿಟ್ ಅಲ್ಲ, ಸರಿಯಾಗಿ ಮಾಡಿದರೆ ಇಳಕಲ್ ಸೀರೆಯ ಸೆರಗಿಗೆ ಅಪಾಯ.

ಇದೆಲ್ಲ ಹುಚ್ಚು ಕಲ್ಪನೆ ಎಂದು ಮನೆಯಲ್ಲಿ ಯಾರಾದರೂ ನಕ್ಕರೆ ಗ್ಲಾಸ್ಗೋ ಊರಿನ ಕೇಟ್ ಕ್ರಾನ್‌ಸ್ಟನ್ ಎಂಬಾಕೆಯ ಹೆಸರು ಹೇಳಿ. ಸ್ಕಾಟ್ಲೆಂಡಿನ ಆ ಊರಿನಲ್ಲಿ ಆಕೆ 1878ರಲ್ಲಿ ಮೊದಲ ಚಹಾಮನೆ ತೆರೆದಳು. ಮರ್ಯಾದಸ್ಥ ಮನೆಯ ಹೆಂಗಸು ಹೊರಗೆಲ್ಲೂ ಒಬ್ಬಳೇ ಕೂತು ಏನೂ ಕುಡಿಯುವಂತಿರದ ಕಾಲ ಅದು. 1903ರಲ್ಲಿ ತೆರೆದ ಆಕೆಯ ವಿಲೋ ಟೀ ರೂಮ್ಸ್‌ಗೆ ಚಾರ್ಲ್ಸ್ ರೆನಿ ಮ್ಯಾಕಿಂಟಾಶ್ ಎಂಬ ದೊಡ್ಡ ವಾಸ್ತುಶಿಲ್ಪಿ ಕುರ್ಚಿಯಿಂದ ಹಿಡಿದು ಎಲ್ಲವನ್ನೂ ವಿನ್ಯಾಸ ಮಾಡಿಕೊಟ್ಟ. ಅಲ್ಲಿನ ಒಂದು ಕೋಣೆಯ ಗೋಡೆಗೆ ಫಲಕ ಮಾಡಿದವಳು ಅವನ ಹೆಂಡತಿ ಮಾರ್ಗರೆಟ್ ಮ್ಯಾಕ್‌ಡೊನಾಲ್ಡ್. ಬ್ರಿಟನ್ನಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿದ ಹೆಂಗಸರು ಸಭೆ ಸೇರುತ್ತಿದ್ದದ್ದೂ ಇಂಥ ಚಹಾಮನೆಗಳಲ್ಲೇ. ನಾವು ಅಷ್ಟು ದೊಡ್ಡದೇನನ್ನೂ ಯೋಚಿಸುತ್ತಿಲ್ಲ. ಮ್ಯಾಕಿಂಟಾಶನ ಆ ಎತ್ತರದ ಬೆನ್ನಿನ ಕುರ್ಚಿಗಳೂ ಬೇಡ, ಪಕ್ಕದವಳ ಕೈಯಲ್ಲೇನಿದೆ ಎಂದು ಇಣುಕಲು ಬರುವುದಿಲ್ಲ.

ಇಣುಕುವುದೇ ಅಲ್ಲವೇ ಇಲ್ಲಿ ಮುಖ್ಯ ಕೆಲಸ? ಕಸೂತಿ ಕಲಿತವರೆಲ್ಲ ಇಣುಕಿಯೇ ಕಲಿತವರು. ಕಿಟಕಿಯ ಪಕ್ಕದ ಜಾಗವನ್ನು ನಾನು ಕಸೂತಿ ಬಲ್ಲ ಅಜ್ಜಿಯರಿಗೆ ಮೀಸಲಿಟ್ಟಿದ್ದೇನೆ. ಅವರ ಎದುರಿಗೆ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗಿಯನ್ನು ಕೂರಿಸಿ ನೋಡಿ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆಯಿಲ್ಲ, ಅಚ್ಚಿಲ್ಲ, ಕಾರ್ಬನ್ ಕಾಗದವಿಲ್ಲ. ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿಕಟ್ಟೆ ಎಲ್ಲವೂ ಅಜ್ಜಿಯ ತಲೆಯಲ್ಲಿವೆ, ಬಟ್ಟೆಗೆ ಇಳಿಯುವುದು ಎಣಿಕೆಯ ಮೇಲೆ. ಗವಂತಿ ಹೊಲಿಗೆಯಲ್ಲಿ ಇಷ್ಟು ಎಳೆ ಎತ್ತಿ ಅಷ್ಟೇ ಎಳೆ ಬಿಟ್ಟು ಸೂಜಿ ಮುಂದೆ ಹೋಗುತ್ತದೆ. ಹೋಗುವಾಗ ಮೂಡುವುದು ತುಂಡು ತುಂಡು ಗೆರೆ. ತುದಿ ಮುಟ್ಟಿ ತಿರುಗಿದ ಮೇಲೆ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಅದೇ ದಾರಿಯಲ್ಲಿ ವಾಪಸು ಬರಬೇಕು. ಗಂಟು ಹಾಕುವಂತಿಲ್ಲ. ಸೀರೆಯನ್ನು ಮಗುಚಿ ಹಾಕಿದರೆ ಯಾವುದು ಮೇಲು, ಯಾವುದು ಕೆಳಗು ಎಂದು ಗೊತ್ತಾಗಬಾರದು.

ಮಧ್ಯದಲ್ಲಿ ಕೊಂಬೆ ಬಂದರೆ? ಗೋಪುರಕ್ಕೆ ಕಳಸ, ಕಳಸದ ಪಕ್ಕಕ್ಕೆ ಎರಡು ಚುಂಚ. ಹೋಗುತ್ತ ಸಿಕ್ಕ ಕೊಂಬೆಗೆ ಆಗಲೇ ಹೊರಳಿ, ಅದರ ತುದಿ ಮುಟ್ಟಿ, ತುಂಬಿಕೊಂಡು ಬಂದು, ಮತ್ತೆ ಹೆದ್ದಾರಿ ಹಿಡಿಯಬೇಕು. ಒಂದು ಕೊಂಬೆ ಮರೆತು ಮುಂದೆ ಹೋದಿರೋ, ಆಮೇಲೆ ಅಲ್ಲಿಗೆ ಬರಲು ದಾರವನ್ನು ಹಿಂಬದಿಯಿಂದ ಜಿಗಿಸಬೇಕಾಗುತ್ತದೆ, ಜಿಗಿಸಿದ್ದು ಹಿಂದೆ ಕಾಣುತ್ತದೆ, ಕಂಡದ್ದನ್ನು ನಿಮ್ಮ ಅತ್ತೆ ನೋಡಿಯೇ ನೋಡುತ್ತಾರೆ. ಅಂದರೆ ಇಡೀ ಚಿತ್ರದಲ್ಲಿ ಯಾವ ಗೆರೆಯ ಮೇಲೂ ಸೂಜಿ ಒಂದೇ ಸಲ ಓಡುವುದಿಲ್ಲ, ಮೂರು ಸಲವೂ ಓಡುವುದಿಲ್ಲ. ಸರಿಯಾಗಿ ಎರಡು ಸಲ ಓಡಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ.

ಆ ಹುಡುಗಿಗೆ ಇದನ್ನು ಕಂಡಕೂಡಲೇ ತನ್ನ ಪಾಠ ನೆನಪಾಗುತ್ತದೆ. 1736ರ ಸುಮಾರಿಗೆ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಲೆಕ್ಕ ಬಿಡಿಸಿದ. ಒಂದೊಂದು ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಿ ಬರಲು ಆಗುವುದಿಲ್ಲ ಎಂಬುದು ಅವನ ಉತ್ತರ. ಎರಡೆರಡು ಸಲ ದಾಟಬಹುದು ಎಂದಿದ್ದರೆ ಆಗುತ್ತಿತ್ತು. ಹಾಗೆ ದಾಟುವುದಾದರೆ ಯಾವ ಊರಿನ ಎಷ್ಟೇ ಸೇತುವೆಗಳನ್ನಾದರೂ ಸುತ್ತಿ ಹೊರಟಲ್ಲಿಗೇ ಬರಬಹುದು. ಹುಡುಗಿ ಇದನ್ನೆಲ್ಲ ಚಹಾ ಆರುವವರೆಗೆ ವಿವರಿಸಿದಳು ಎಂದುಕೊಳ್ಳಿ. ಅಜ್ಜಿ ಕೇಳುವ ಪ್ರಶ್ನೆ ನನಗೆ ಈಗಲೇ ಕೇಳಿಸುತ್ತಿದೆ:

"ಅಲ್ಲವಾ ತಂಗಿ, ಅಂವಗ ಗವಂತಿ ಬರತಿದ್ದಿಲ್ಲೇನು?"

ಕಸೂತಿಯ ಉಳಿದ ಹೊಲಿಗೆಗಳಲ್ಲಿ ಮುರ್ಗಿ ಮೆಟ್ಟಿಲಿನಂತೆ ಏರುತ್ತದೆ, ಅದೂ ಎರಡೂ ಕಡೆ ಒಂದೇ. ನೇಗಿ ನೇಯ್ದಂತೆ ಕಾಣುತ್ತದೆ. ಮೆಂತೆ ಎಂದರೆ ಗುಣಾಕಾರದ ಗುರುತು, ದಾರ ಹೆಚ್ಚು ತಿನ್ನುತ್ತದೆ, ತುಂಬಿದಂತೆ ಕಾಣಬೇಕಾದಲ್ಲಿ ಮಾತ್ರ ಹಾಕುತ್ತಾರೆ. ಗವಂತಿಯಂಥದೇ ಹೊಲಿಗೆ ಇಂಗ್ಲೆಂಡಿನ ರಾಜರ ಕಾಲದ ಅಂಗಿಗಳ ಕಾಲರು, ತೋಳಿನ ಅಂಚುಗಳ ಮೇಲೂ ಇತ್ತು. ಹಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರ ಅವನ್ನು ಎಷ್ಟು ನಿಗಾದಿಂದ ಬರೆದನೆಂದರೆ ಆಮೇಲೆ ಆ ಹೊಲಿಗೆಗೆ ಅವನ ಹೆಸರೇ ಬಂತು. ಹೊಲಿದವಳ ಹೆಸರು ಯಾರಿಗೂ ಗೊತ್ತಿಲ್ಲ, ನೋಡಿ ಬರೆದವನ ಹೆಸರು ಉಳಿಯಿತು. ಈ ಮಾತು ಒಮ್ಮೆ ಎದ್ದರೆ ನಮ್ಮ ಅಂಗಡಿಯಲ್ಲಿ ಎರಡನೇ ಸುತ್ತಿನ ಚಹಾ ಇಳಿಸಬೇಕಾಗುತ್ತದೆ.

ನಡುಮನೆಯ ನೆಲವನ್ನು ಕೌದಿಗೆ ಬಿಟ್ಟಿದ್ದೇನೆ. ಕೌದಿಗೆ ಮೇಜು ಸಾಲದು. ಹಳೆಯ ನೂಲಿನ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಮೂಲೆಗೆ ತಂಬಿಗೆಯನ್ನೋ ಕಲ್ಲನ್ನೋ ಇಟ್ಟು, ಸುಕ್ಕು ಬಡಿದು ತೆಗೆದು, ಎದುರುಬದುರು ಕೂತು ಹೊಲಿಯಬೇಕು. ಹೊಸ ಬಟ್ಟೆಯಿಂದ ಮಾಡಿದ ಕೌದಿ ನೋಡಲು ಛಂದ, ಹೊದೆಯಲು ಬಿರುಸು. ಹತ್ತಾರು ವರ್ಷ ಒಗೆದು ಒಗೆದು ಮೆತ್ತಗಾದ ಸೀರೆಗೆ ಮಾತ್ರ ಆ ಗುಣ ಬರುತ್ತದೆ, ಅದನ್ನು ಯಾವ ಅಂಗಡಿಯಲ್ಲೂ ಮೀಟರಿನ ಲೆಕ್ಕದಲ್ಲಿ ಕೊಡುವುದಿಲ್ಲ. ಪಾಲಿಯೆಸ್ಟರ್ ಸೀರೆ ತಂದವರನ್ನು ವಿನಯದಿಂದ ವಾಪಸು ಕಳಿಸಲಾಗುವುದು. ಸೂಜಿ ಜಾರುತ್ತದೆ, ಬೆವರು ಹೀರುವುದಿಲ್ಲ, ಮಗುವಿಗಂತೂ ಬೇಡವೇ ಬೇಡ.

ಕೌದಿ ಹೊಲಿಯುವಾಗ ಯಾವ ತುಂಡು ಯಾರದು ಎಂಬ ಮಾತು ತಾನಾಗಿಯೇ ಬರುತ್ತದೆ. ಈ ಹಸಿರು ನಮ್ಮವ್ವನ ಸೀರೆ, ಈ ಬಿಳಿ ಅಪ್ಪನ ಧೋತರ, ಈ ಚೌಕಳಿ ಅಣ್ಣನ ಶಾಲೆಯ ಅಂಗಿ. ಸತ್ತವರ ಸೀರೆ ಹಾಕಬೇಕೋ ಬೇಡವೋ ಎಂಬ ವಾದ ಖಂಡಿತ ಏಳುತ್ತದೆ. ನಾನು ಹಾಕಬೇಕು ಅನ್ನುವವರ ಕಡೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯಿಂದ ಸಿದ್ದಿ ಹೆಂಗಸರು ಬಂದರೆ ಅವರಿಗೆ ನಡುಮನೆಯ ಮಧ್ಯದ ಜಾಗ. ಅವರ ಕೌದಿ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ಒಳಕ್ಕೆ ಹೋಗುತ್ತದೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ, ಕೈಗೆ ಸಿಕ್ಕ ತುಂಡಿಗೆ ತಕ್ಕ ಜಾಗ, ಕೆಂಪಿನ ಪಕ್ಕಕ್ಕೆ ಹಳದಿ ಎಂದು ಕಣ್ಣು ಹೇಳಿದರೆ ಹಳದಿ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗೂ ಮಡಚಿದ ಪುಟ್ಟ ತ್ರಿಕೋನದ ತುಂಡುಗಳನ್ನು ಹೂವಿನಂತೆ ಸಿಗಿಸುತ್ತಾರೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಹೊದ್ದವರಿಗೆ ಆ ಹೂವಿನಿಂದ ಒಂದಿಷ್ಟೂ ಬಿಸಿ ಹೆಚ್ಚುವುದಿಲ್ಲ. ಅದಿಲ್ಲದೆ ಕೆಲಸ ಮುಗಿಯಿತು ಎಂದು ಅವರು ಒಪ್ಪುವುದೂ ಇಲ್ಲ. ನನಗೆ ಈ ಹಟ ಬಹಳ ಇಷ್ಟ.

ಮೂಲೆಯಲ್ಲಿ ಒಂದು ಕಾಲಿನ ಮಶೀನು. ಮೋಟರ್ ಹಾಕಿಸುವುದಿಲ್ಲ. ಮೋಟರ್ ಮಶೀನು ಶುರುವಾದರೆ ಮಾತು ನಿಲ್ಲಿಸಬೇಕಾಗುತ್ತದೆ. ಕಾಲಿನ ಮಶೀನು ನಿಮ್ಮ ಮಾತಿನ ವೇಗಕ್ಕೆ ಓಡುತ್ತದೆ. ಇದರ ಬಗ್ಗೆ ಹಿರಿಯರಲ್ಲಿ ಯಾರಾದರೂ ಗಾಂಧೀಜಿಯ ಕತೆ ತೆಗೆದೇ ತೆಗೆಯುತ್ತಾರೆ. ಯಂತ್ರಗಳೆಂದರೆ ಮುಖ ಸಿಂಡರಿಸುತ್ತಿದ್ದ ಗಾಂಧೀಜಿ 1924ರಲ್ಲಿ, ಎಲ್ಲ ಯಂತ್ರಗಳನ್ನೂ ವಿರೋಧಿಸುತ್ತೀರಾ ಎಂದು ಕೇಳಿದವರಿಗೆ, ಸಿಂಗರ್ ಹೊಲಿಗೆ ಯಂತ್ರವನ್ನು ಬೇರೆಯಾಗಿ ಎತ್ತಿ ಹೇಳಿದರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಬಳಲುವುದನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದ ಎಂಬ ನಂಬಿಕೆ ಅವರದು. ಮನುಷ್ಯನ ಮೇಲಿನ ಕಾಳಜಿಯಿಂದ ಹುಟ್ಟಿದ ಯಂತ್ರಕ್ಕೆ ಅವರ ತಕರಾರಿಲ್ಲ.

ಮಾತು ಒಳ್ಳೆಯದೇ. ಆದರೆ ನಮ್ಮದು ಚಹಾದಂಗಡಿ, ಸಿಂಗರ್ ಸಾಹೇಬರ ಸಂಸಾರದ ವಿಷಯ ಇಲ್ಲಿ ಮುಚ್ಚಿಡಲು ಬರುವುದಿಲ್ಲ. 1851ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್ ಮೂಲತಃ ನಾಟಕದವನು. ಒಂದೇ ಕಾಲಕ್ಕೆ ಒಂದಕ್ಕಿಂತ ಹೆಚ್ಚು ಮನೆ ನಡೆಸಿದ, ಬೇರೆ ಬೇರೆ ಹೆಂಗಸರಿಂದ ಅವನಿಗೆ ಹುಟ್ಟಿದ ಮಕ್ಕಳನ್ನು ಎಣಿಸಲು ಎರಡು ಕೈಯ ಬೆರಳು ಸಾಲವು. ಯಾವ ಹೆಂಡತಿ ಬಳಲುವುದನ್ನು ನೋಡಿದನೋ ಪಾಪ. ಮೇಲಾಗಿ ಸೂಜಿಯ ತುದಿಗೆ ಕಣ್ಣಿಟ್ಟು, ಕೆಳಗಿನ ದಾರಕ್ಕೂ ಮೇಲಿನ ದಾರಕ್ಕೂ ಕೊಂಡಿ ಹಾಕುವ ಯುಕ್ತಿಗೆ ಅವನಿಗಿಂತ ಮೊದಲೇ, 1846ರಲ್ಲಿ, ಎಲಿಯಸ್ ಹೋವ್ ಎಂಬವನು ಪೇಟೆಂಟ್ ಮಾಡಿಸಿದ್ದ. ಇಬ್ಬರೂ ಕೋರ್ಟಿನಲ್ಲಿ ಕಾದಾಡಿದರು, ಹೋವ್ ಗೆದ್ದ, ಹೆಸರು ಮಾತ್ರ ಸಿಂಗರನದಾಯಿತು. ಕೈಯಲ್ಲಿ ಹೊಲಿಯುವ ಸೂಜಿಗೆ ಕಣ್ಣು ಮೇಲಿರುತ್ತದೆ, ಮಶೀನಿನ ಸೂಜಿಗೆ ಕೆಳಗೆ, ಮೊನೆಯಲ್ಲಿ. ಇಷ್ಟು ಸಣ್ಣ ಬದಲಾವಣೆಗೆ ಜಗತ್ತು ಎಷ್ಟು ವರ್ಷ ಕಾಯಿತಲ್ಲ ಎಂದು ನನಗೆ ಬಾಬಿನ್ ತುಂಬುವಾಗಲೆಲ್ಲ ಅನಿಸುತ್ತದೆ.

ಇನ್ನು ನಿಯಮಗಳು. ನಿಯಮ ಎಂದರೆ ಗೋಡೆಗೆ ಅಂಟಿಸುವಂಥದಲ್ಲ. ಆದರೆ ಒಂದು ಮಾತು ಮೊದಲೇ ಸ್ಪಷ್ಟ ಮಾಡಬೇಕು. ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಈಚೆಗೆ ನೀವೇನೇ ಮಾಡಿ, ಮಗುವಿಗೊಂದು ಕುಲಾಯಿ ಹೆಣೆಯಿರಿ, ಸೀರೆಗೆ ಕುಚ್ಚು ಕಟ್ಟಿ, ವೈರಿನ ಬುಟ್ಟಿ ಹಾಕಿ, ನೋಡಿದವರ ಬಾಯಲ್ಲಿ ಬರುವ ಮೊದಲ ಮಾತು ಒಂದೇ: "ಎಷ್ಟ ಛಂದ ಮಾಡೀರಿ ವೈನಿ, ಮಾರ್ರಲಾ! ಮನ್ಯಾಗ ಕೂತು ರೊಕ್ಕ ಮಾಡಬಹುದು." ಹೊಗಳಿಕೆಯೆಂದೇ ಹೇಳುತ್ತಾರೆ, ಕೆಟ್ಟ ಮನಸ್ಸಿಲ್ಲ. ಆದರೆ ಅದನ್ನು ಕೇಳಿದ ಮರುಕ್ಷಣ ನೀವು ಕೈಯಲ್ಲಿದ್ದುದನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡುತ್ತೀರಿ. ಈ ಬಣ್ಣ ಜನ ಕೇಳುತ್ತಾರೆಯೇ, ಇಷ್ಟು ನಿಧಾನಕ್ಕೆ ಮಾಡಿದರೆ ಕೂಲಿ ಗಿಟ್ಟುತ್ತದೆಯೇ, ಒಂದೇ ಅಳತೆಯಲ್ಲಿ ಹತ್ತು ಮಾಡಬೇಕೇ. ಮೊನ್ನೆಯವರೆಗೆ ಮಧ್ಯಾಹ್ನದ ಸುಖವಾಗಿದ್ದದ್ದು ಈಗ ಆರ್ಡರು. ನನ್ನ ಪರಿಚಯದ ಒಬ್ಬಾಕೆ ಕ್ರೋಶಾದಲ್ಲಿ ಬಾಗಿಲ ತೋರಣ ಹಾಕುತ್ತಿದ್ದಳು, ನೋಡಿದರೆ ಕಣ್ಣಿಗೆ ಹಬ್ಬ. ಎಲ್ಲರೂ ಮಾರು ಮಾರು ಎಂದರು. ಮಾರಿದಳು. ಒಂದು ದೀಪಾವಳಿಗೆ ಕೈಮೀರಿ ಆರ್ಡರು ಬಂತು, ಮುಗಿಸಿ ಕೊಟ್ಟಳು. ಆಮೇಲೆ ಕಡ್ಡಿ ಮುಟ್ಟಲಿಲ್ಲ. ಅವಳ ಮನೆಯ ಬಾಗಿಲಿಗೆ ಈಗ ಪ್ಲಾಸ್ಟಿಕ್ ತೋರಣವಿದೆ.

ಆದ್ದರಿಂದ ನಮ್ಮ ಅಂಗಡಿಯಲ್ಲಿ ಮಾರ್ರಲಾ ಎಂದವರು ಆ ಹೊತ್ತಿನ ಎಲ್ಲರ ಚಹಾದ ರೊಕ್ಕ ಕೊಡಬೇಕು.

ಇದನ್ನು ಓದಿ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. ಸೂಜಿಯಿಂದಲೇ ಹೊಟ್ಟೆ ತುಂಬುವವರ ಮುಂದೆ ಹವ್ಯಾಸದ ಸುಖದ ಮಾತು ಹೊಟ್ಟೆ ತುಂಬಿದವರ ಮಾತೇ ಸರಿ. ಸಂಡೂರಿನ ಲಂಬಾಣಿ ಹೆಂಗಸರು ಕನ್ನಡಿ, ಕವಡೆ, ನಾಣ್ಯ ಕೂಡಿಸಿ ಹಾಕುವ ಕಸೂತಿಯಿಂದ ಮಕ್ಕಳನ್ನು ಓದಿಸಿದ್ದಾರೆ. 2010ರಲ್ಲಿ ಆ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಕಲಾವಿದೆಯರು ಮಾಡಿದ 1,755 ತುಣುಕುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಬರೆಯಲಾಯಿತು. ಅವರಿಗೆ ಯಾರೂ ಮಾರಬೇಡಿ ಎಂದು ಹೇಳುವುದು ಬೇಡ. ಹಾಗೆಯೇ ಇಲ್ಲಿ, ಧಾರವಾಡದ ಓಣಿಗಳಲ್ಲಿ, ತುಂಡಿಗಿಷ್ಟು ಎಂದು ಕೂಲಿಗೆ ಕಸೂತಿ ಹಾಕುವವರಿಗೂ. ಅವರ ವಿಷಯದಲ್ಲಿ ಇನ್ನೊಂದು ನಿಯಮ: ಚೌಕಾಶಿ ಇಲ್ಲ. ಇಡೀ ಸೆರಗು ತುಂಬಲು ತಿಂಗಳುಗಟ್ಟಲೆ ಕಣ್ಣು ಸೋಲಿಸಿಕೊಂಡವಳ ಮುಂದೆ, ಬರೀ ದಾರ ಅಲ್ಲೇನ್ರಿ, ಸ್ವಲ್ಪ ಕಡಿಮಿ ಮಾಡಿಕೊಳ್ರಿ ಎಂದವರಿಗೆ ಚಹಾವೇ ಇಲ್ಲ. ಹಣ್ಣಿನ ಗಾಡಿಯವನ ಹತ್ತಿರ ಬೇಕಾದಷ್ಟು ಚೌಕಾಶಿ ಮಾಡಿಕೊಂಡು ಬನ್ನಿ, ನಾನು ಕೇಳುವುದಿಲ್ಲ.

ಟೇಲರ್ ಅಕ್ಕಂದಿರಿಗೆ ಬೇರೆಯಾಗಿ ಎರಡು ಮಾತು ಬರೆಯಬೇಕು. ಶ್ರಾವಣದಿಂದ ದೀಪಾವಳಿ, ಅದು ಮುಗಿಯಿತೆಂದರೆ ಲಗ್ನದ ಸೀಸನ್ನು, ವರ್ಷದ ಮುಕ್ಕಾಲು ಪಾಲು ನಿಮಗೆ ಕೇಳಿಸುವುದು 'ನಾಳೆ ಬೇಕ್ರಿ' ಎಂಬ ಒಂದೇ ಮಾತು. ಅಳತೆಗೆಂದು ತಂದುಕೊಡುವ ಹಳೆಯ ಜಂಪರ್ ಮೂರು ಸಲ ಬಿಚ್ಚಿ ಹೊಲಿದದ್ದು, ಅದರ ಬಗಲು ಒಂದು ಕಡೆ ಎಳೆದಿರುತ್ತದೆ, ಹಾಕಿಕೊಳ್ಳುವವರು ಆಮೇಲೆ ದಪ್ಪವಾಗಿರುತ್ತಾರೆ, ಅದನ್ನು ಅವರು ಹೇಳುವುದಿಲ್ಲ, ನೀವು ಕೇಳುವಂತಿಲ್ಲ. ಟೇಪು ಹಿಡಿದು ಅಳತೆ ತೆಗೆಯುತ್ತೇನೆ ಎಂದರೆ "ಇದ್ರಂಗ ಹೊಲೀರಿ ಸಾಕು" ಎಂಬ ಉತ್ತರ. ಕಟೋರಿ, ಪ್ರಿನ್ಸೆಸ್ ಕಟ್, ಹಿಂದೆ ಮಡಕೆಯಾಕಾರದ ಕುತ್ತಿಗೆ, ಅದಕ್ಕೆ ದಾರ, ದಾರಕ್ಕೆ ಗೊಂಡೆ. ಅಸ್ತರಿನ ಬಟ್ಟೆ ನೀರಿಗೆ ಹಾಕದೆ ತಂದುಕೊಟ್ಟು, ಮೊದಲ ಒಗೆತಕ್ಕೆ ಕುಗ್ಗಿದರೆ ಅದೂ ನಿಮ್ಮ ತಪ್ಪೇ.

ನಮ್ಮ ಅಂಗಡಿಯಲ್ಲಿ ಯಾರೂ ನಿಮ್ಮ ಮುಂದೆ ಚೀಲದಿಂದ ಜಂಪರ್ ಪೀಸು ಎಳೆಯುವಂತಿಲ್ಲ. "ಒಂದು ಸಣ್ಣ ಹೊಲಿಗಿ ಅಷ್ಟ, ಅಕ್ಕಾ" ಎಂಬುದಂತೂ ನಿಷಿದ್ಧ. ಸಣ್ಣ ಹೊಲಿಗೆ ಎಂಬುದು ಜಗತ್ತಿನಲ್ಲಿ ಇಲ್ಲ. ನೀವು ಬಂದು ಕೈ ಖಾಲಿ ಇಟ್ಟುಕೊಂಡು ಕೂರಬಹುದು. ಇಷ್ಟವಾದರೆ ಪದಬಂಧ ತುಂಬಿ. ದಿನಪತ್ರಿಕೆಗಳನ್ನು ಇಡಿಸುತ್ತೇನೆ, ಪದಬಂಧದ ಪುಟ ಬೇರೆ ಯಾರೂ ಮುಟ್ಟದಂತೆ ನೋಡಿಕೊಳ್ಳುವ ಜವಾಬ್ದಾರಿ ನನ್ನದು.

ಹೊಲಿಗೆ ಬಾರದವರು ಹಿಂಜರಿಯಬೇಡಿ. ಹೂಬತ್ತಿ ಹೊಸೆಯುವವರು, ಗೆಜ್ಜೆವಸ್ತ್ರ ಮಾಡುವವರು ಯಾವ ಹೊತ್ತಿಗಾದರೂ ಬರಬಹುದು. ಅವರಷ್ಟು ಚೆನ್ನಾಗಿ ಮಾತು ಕೇಳುವವರು ಬೇರಿಲ್ಲ, ಏಕೆಂದರೆ ಅವರು ಬಟ್ಟೆಯ ಎಳೆ ಎಣಿಸಬೇಕಿಲ್ಲ. ಚುಕ್ಕಿ ರಂಗೋಲಿಯವರು ನೋಟ್‌ಬುಕ್ ತನ್ನಿ. ಹದಿನೈದರಿಂದ ಎಂಟರವರೆಗಿನ ಚುಕ್ಕಿಗೆ ಬಾಗಿಲ ಮುಂದೆ ಜಾಗ ಸಾಲದೆ ಹೋದವರ ಸಂಕಟ ಹಂಚಿಕೊಳ್ಳಲು ಜನ ಸಿಗುತ್ತಾರೆ. ಉಲನ್ ಹೆಣೆಯುವವರಿಗೆ ಒಂದು ಕೋರಿಕೆ: ಹೆಣಿಕೆ ಎಣಿಸುವಾಗ ತುಟಿ ಅಲ್ಲಾಡಿಸಿ, ಆಗ ನಿಮ್ಮನ್ನು ಯಾರೂ ಮಾತಾಡಿಸುವುದಿಲ್ಲ. ತಾರಸಿಯ ಮೇಲೆ ಟೊಮೆಟೊ ಬೆಳೆಯುವವರು ಟೊಮೆಟೊ ತನ್ನಿ.

ಗಂಡಸರು ಬರಬಹುದೇ ಎಂದು ಇಬ್ಬರು ಆಗಲೇ ಕೇಳಿದ್ದಾರೆ, ಒಬ್ಬರು ನಿವೃತ್ತ ಮೇಷ್ಟ್ರು. ಬರಲಿ. ಕೋಟು ಹೊಲಿದು ಕೈ ಪಳಗಿದ ಟೇಲರ್ ಚಾಚಾಗಳು ಬಂದರೆ ಕಿಟಕಿಯ ಪಕ್ಕದಲ್ಲೇ ಜಾಗ. ಕಾಜಾ ಹೊಲಿಯುವಾಗ ಅವರ ಹೆಬ್ಬೆರಳು ಹೇಗೆ ನಿಲ್ಲುತ್ತದೆ ಎಂದು ನಾವೆಲ್ಲ ನೋಡಬೇಕಿದೆ. ಉಳಿದ ಗಂಡಸರು ಗುಂಡಿ ಕಿತ್ತುಹೋದ ತಮ್ಮದೇ ಒಂದು ಅಂಗಿ ತರಬೇಕು, ಗುಂಡಿ ತಾವೇ ಹಚ್ಚಬೇಕು. ಮಹದಾಯಿ ವಿಷಯ ಎತ್ತಬಹುದು, ಗುಂಡಿ ಹಚ್ಚಿ ಮುಗಿಸಿದ ಮೇಲೆ.

ಚಾಳೀಸು ಬಂದವರಿಗೆ ಅನುಕೂಲ ಮಾಡಿದ್ದೇನೆ. ಬಂದ ಕೂಡಲೇ ಹುಡುಗಿಯರು ಹತ್ತಿಪ್ಪತ್ತು ಸೂಜಿಗೆ ದಾರ ಪೋಣಿಸಿ ಪಿನ್‌ಕುಶನ್ನಿಗೆ ಚುಚ್ಚಿಡುತ್ತಾರೆ. ಆರೆಳೆಯ ದಾರದಿಂದ ಎರಡೆಳೆ ಬಿಡಿಸುವಾಗ ಒಂದೊಂದಾಗಿ ಎಳೆಯಬೇಕು, ಎರಡೂ ಕೂಡಿ ಎಳೆದರೆ ಗೋಜಲಾಗುತ್ತದೆ ಎಂದು ಅವರಿಗೆ ನೀವೇ ಹೇಳಿಕೊಡಿ. ಮೊಳಕ್ಕಿಂತ ಉದ್ದ ದಾರ ಪೋಣಿಸಬೇಡ ಎಂದು ನಾನು ಹೇಳಿದರೆ ಕೇಳುವುದಿಲ್ಲ.

ಹಿತ್ತಲ ಕೋಣೆಯಲ್ಲಿ ಒಂದು ದೊಡ್ಡ ಕಪಾಟಿದೆ. ಅದು ಅರ್ಧಕ್ಕೆ ನಿಂತ ಕೆಲಸಗಳಿಗೆ. ಮೊದಲ ಮಗುವಿಗೆಂದು ಶುರುಮಾಡಿದ ಕುಂಚಿಗೆ, ಆ ಮಗು ಈಗ ಎಂಜಿನಿಯರು. ಒಂದು ತೋಳು ಮಾತ್ರ ಮುಗಿದ ಸ್ವೆಟರ್. ಮೇಜಿನ ಹಾಸಿಗೆಂದು ಹಾಕಿ ಟ್ರೇಗೆ ಸಾಕಾಗುವಷ್ಟಕ್ಕೇ ನಿಂತ ಕ್ರೋಶಾ. ತಂದಿಡಿ. ಯಾವಾಗ ಮುಗಿಸುತ್ತೀ ಎಂದು ಕೇಳುವವರು ಮನೆಯಲ್ಲಿದ್ದಾರೆ, ಇಲ್ಲಿ ಯಾರೂ ಕೇಳುವುದಿಲ್ಲ. ಇನ್ನೊಬ್ಬರ ಅರ್ಧ ಕೆಲಸವನ್ನು ಮುಗಿಸಿಕೊಡುತ್ತೇನೆ ಎಂದು ಕೈಹಾಕುವುದೂ ಬೇಡ, ಅವರು ಬಾಯಿಬಿಟ್ಟು ಕೇಳಿದ ಹೊರತು. ಪ್ರತಿಯೊಬ್ಬರ ಕೈಯ ಬಿಗಿ ಬೇರೆ, ಸೇರಿಸಿದ ಜಾಗ ಕಂಡೇ ಕಾಣುತ್ತದೆ.

ರೇಡಿಯೋ ಇರುತ್ತದೆ, ಧಾರವಾಡ ಆಕಾಶವಾಣಿ. ಟಿವಿ ಇಲ್ಲ, ಕಾರಣ ಇಷ್ಟೇ: ಹೊಲಿಗೆಗೆ ಕಿವಿ ಬಿಡುವಾಗಿರುತ್ತದೆ, ಕಣ್ಣು ಅಲ್ಲ.

ಜಾಗದ ವಿಷಯ ಯಾರಿಗಾದರೂ ತಿಳಿದರೆ ಹೇಳಿ. ಹಂಚಿನ ಮನೆಯೇ ಆಗಬೇಕೆಂದಿಲ್ಲ, ಉತ್ತರದ ಕಿಟಕಿ ಮಾತ್ರ ಬಿಡುವಂತಿಲ್ಲ. ಅಲ್ಲಿಯವರೆಗೆ ಯಾರ ಮನೆಯ ಪಡಸಾಲೆಯಾದರೂ ಆದೀತು, ಶರತ್ತು ಇಷ್ಟೇ: ಆ ಮನೆಯಾಕೆ ಅವತ್ತು ಚಹಾ ಮಾಡಲು ಏಳಬಾರದು. ಥರ್ಮಾಸು ನಾನು ತರುತ್ತೇನೆ. ಸೂಜಿ, ದಾರ, ಟೇಪು, ಚಾಕ್‌ಪೀಸು, ಕಚ್ಚಾ ಹೊಲಿಗೆಗೆ ಹಳೆಯ ರೀಲು ಎಲ್ಲ ಹಂಚಿಕೊಳ್ಳೋಣ.

ಕತ್ತರಿ ಮಾತ್ರ ನಿಮ್ಮ ನಿಮ್ಮದನ್ನೇ ತನ್ನಿ. ನನ್ನದನ್ನು ಕೊಡುವುದಿಲ್ಲ. ಬಟ್ಟೆಯ ಕತ್ತರಿಯಿಂದ ಹಾಲಿನ ಪಾಕೀಟು ಕತ್ತರಿಸುವವರು ನಿಮ್ಮ ಮನೆಯಲ್ಲೂ ಇದ್ದಾರೆ.

ನಿಮ್ಮವಳು,
ಧಾರವಾಡದಿಂದ ಒಬ್ಬ ಹೊಲಿಗೆಗಾರ್ತಿ